ಉಸಿರುಪೆಟ್ಟಿಗೆಗೆ ಕಟ್ಟಿದ ಗಂಟು

ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಗಣಿಯ ಇಪ್ಪತ್ಮೂರನೇ ಹಂತದ ಆಸರೆಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 2.1 ಎಂದು ಪರದೆ ತೋರಿಸಿತು. ಅದು 0.6ರ ಮೇಲೆ ಹೋಗುವುದೇ ಇಲ್ಲವೆಂದು ಮೂರು ಸಮ್ಮೇಳನಗಳಲ್ಲಿ ಎದೆ ತಟ್ಟಿಕೊಂಡು ಹೇಳಿದವಳು ನಾನು. ನಿಯಂತ್ರಣ ಕೊಠಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಪರದೆಯನ್ನೇ ನೋಡುತ್ತಿದ್ದೆ, ಇನ್ನೇನು ಮಾಡಲಿ?

ಹಿರೇಗುಡ್ಡದ ಚಿನ್ನದ ಗಣಿಯಲ್ಲಿ ಅಂದು ಏಳೂ ಇಪ್ಪತ್ತಕ್ಕೆ ಕಲ್ಲು ಜರಿದಿತ್ತು. ಅದರಡಿ ಸಿಕ್ಕ ಡೀಸೆಲ್ ಗಾಡಿಗೆ ಬೆಂಕಿ ಹತ್ತಿ ಸುರಂಗದ ತುಂಬ ವಿಷದ ಹೊಗೆ ಕವಿದಿತ್ತು. ಆರು ಜನ ಓಡಿಹೋಗಿ ಆಸರೆಕೋಣೆ ಸೇರಿ ಕಬ್ಬಿಣದ ಬಾಗಿಲು ಹಾಕಿಕೊಂಡರು. ಕೋಣೆ ಎಂದರೆ ಬಂಡೆಯಲ್ಲಿ ಕೊರೆದ ಗೂಡು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಅಷ್ಟೇ ಎತ್ತರ. ಆಮ್ಲಜನಕದ ಸಿಲಿಂಡರ್ ಎರಡು ದಿನಕ್ಕೆ ಸಾಕಾಗುವಷ್ಟಿತ್ತು. ಆದರೆ ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನು ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆಯಲ್ಲ, ಅವನೇ ಹೊರಬಿಟ್ಟ ಉಸಿರು. ಇಂಗಾಲದ ಡೈಆಕ್ಸೈಡ್ ನೂರಕ್ಕೆ ಮೂರಾದರೆ ತಲೆನೋವು, ಐದಾದರೆ ಏದುಸಿರು, ಎಂಟಾದರೆ ಎಚ್ಚರ ತಪ್ಪುತ್ತದೆ. ಹತ್ತರ ಮಾತು ಬೇಡ.

ಅದನ್ನು ಹೀರಲಿಕ್ಕೆಂದೇ ಆ ಕೋಣೆಯಲ್ಲಿ ನನ್ನ ಉಸಿರುಪೆಟ್ಟಿಗೆ ಇತ್ತು. ಒಳಗಿದ್ದ ಆರು ಜನರ ಮೇಸ್ತ್ರಿ ಗದ್ದೆಪ್ಪ ನನ್ನ ಸೋದರಮಾವ. ಅಪ್ಪ ತೀರಿಹೋದ ಮೇಲೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನೇ.

ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. ಇಂಗಾಲಕ್ಕೆ ನಾಲ್ಕು ಕೈ. ನಾಲ್ಕಕ್ಕೂ ಕೆಲಸ ಸಿಕ್ಕರೆ ಅದು ಸಾಧು. ಎರಡಕ್ಕೆ ಮಾತ್ರ ಕೆಲಸ ಕೊಟ್ಟು ಇನ್ನೆರಡನ್ನು ಖಾಲಿ ಬಿಟ್ಟರೆ ಅದಕ್ಕೆ ಕಾರ್ಬೀನ್ ಎಂದು ಹೆಸರು. ಸಿಕ್ಕಿದ್ದರ ಮೇಲೆಲ್ಲ ಎರಗಿ ಕ್ಷಣದಲ್ಲಿ ಮುಗಿದುಹೋಗುತ್ತದೆ. ಆದರೆ ಐದು ಪರಮಾಣುಗಳ ಉಂಗುರದಲ್ಲಿ ಅದನ್ನು ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಸಾರಜನಕ ಇಟ್ಟರೆ ತೆಪ್ಪಗಾಗುತ್ತದೆ, ಮದುವೆಮನೆಯಲ್ಲಿ ಮುಂಗೋಪಿ ಅಳಿಯನ ಆಚೀಚೆ ಇಬ್ಬರು ಹಿರಿಯರನ್ನು ಕೂರಿಸಿದ ಹಾಗೆ. ಅಂಥ ಕಾರ್ಬೀನು ಇಂಗಾಲದ ಡೈಆಕ್ಸೈಡನ್ನು ಕಂಡರೆ ಗಪ್ಪನೆ ಹಿಡಿಯುತ್ತದೆ. ಎರಡೂ ಸೇರಿ ಬೀಟೈನ್ ಎಂಬ ಬಿಳಿಯ ಪುಡಿಯಾಗುತ್ತವೆ. ಅಣು ಒಂದೇ, ಒಂದು ತುದಿಗೆ ಧನ, ಇನ್ನೊಂದಕ್ಕೆ ಋಣ. ಮುನಿಸಿಕೊಂಡ ಗಂಡ ಹೆಂಡತಿ ಒಂದೇ ಮನೆಯ ಎರಡು ಮೂಲೆ ಹಿಡಿದ ಹಾಗೆ. ಮುಖ ನೋಡುವುದಿಲ್ಲ, ಮನೆ ಬಿಟ್ಟೂ ಹೋಗುವುದಿಲ್ಲ. ಆಮೇಲೆ ಪುಡಿಯನ್ನು ಮೇಲಕ್ಕೆ ತಂದು ಒಲೆಯಲ್ಲಿ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಮತ್ತೆ ತುಂಬಿ ಮತ್ತೆ ಬಳಸಬಹುದು.

ಕಾರ್ಬೀನಿಗೆ ನೀರು ಶತ್ರು. ಪುಡಿಯ ಪ್ರತಿ ಕಣಕ್ಕೂ ಆವಿ ತಡೆಯುವ ಮೇಣದಂಥ ಹೊದಿಕೆ ಹೊದಿಸಲು ನನಗೆ ಏಳು ವರ್ಷ ಹಿಡಿಯಿತು. ಪೆಟ್ಟಿಗೆಗೆ ಕರೆಂಟು ಬೇಡ, ಗಾಳಿಯ ಕೊಳವೆ ಬೇಡ. ಮೇಲಿನ ಬೆಳ್ಳಿ ಹಾಳೆ ಹರಿದರೆ ಸಾಕು, ಕೆಲಸ ಶುರು. ಯಾರೂ ಗೊತ್ತಿಲ್ಲದೆ ಮುಚ್ಚಿಬಿಡಬಾರದೆಂದು ಒಮ್ಮೆ ತೆರೆದದ್ದನ್ನು ಮುಚ್ಚಲಾಗದಂತೆ ಮಾಡಿದ್ದೆ. ಅದೊಂದು ಜಾಣತನವೆಂದು ಆಗ ಅನಿಸಿತ್ತು. ಪೆಟ್ಟಿಗೆ ಬಂದ ಮೇಲೆ ಗಣಿಯವರು ಕೆಳಹಂತಗಳಿಗೆ ಗಾಳಿಯ ಕೊಳವೆ ಎಳೆಯುವುದನ್ನೇ ನಿಲ್ಲಿಸಿದರು. ಊರಿನಲ್ಲಿ ಸೈರನ್ ಕೂಗಿದರೂ ಹೆಂಗಸರು ಗಣಿಬಾವಿಯ ಬಾಯಿಗೆ ಓಡಿಬರುವುದನ್ನು ಬಿಟ್ಟರು. ನನಗೆ ಅದೇ ದೊಡ್ಡ ಬಹುಮಾನವೆನಿಸಿತ್ತು.

ಹನ್ನೊಂದಕ್ಕೆ ಅಂಕಿ 2.6.

"ಲೆಕ್ಕ ಹೊಂದ್ತಿಲ್ಲ ಡಾಕ್ಟರ್," ಎಂದರು ಗಣಿಯ ಮುಖ್ಯಸ್ಥ ಬಿಂದುಮಾಧವರಾಯರು. "ಪೆಟ್ಟಿಗೆ ಕೆಟ್ಟೇ ಹೋಗಿದೆ ಅಂದ್ಕೊಳ್ಳೋಣ. ಆರು ಜನ ಉಸಿರಾಡಿದರೂ ಆ ಕೋಣೇಲಿ ಗಂಟೆಗೆ ಅರ್ಧಕ್ಕಿಂತ ಚೂರು ಹೆಚ್ಚು ಏರಬೇಕು. ಇದು ಒಂದೂವರೆ ಏರ್ತಾ ಇದೆ. ಹೊಗೆ ಒಳಗೆ ಬರ್ತಿದೆಯಾ?"

"ಹೊಗೆ ಬಂದಿದ್ದರೆ ಕಾರ್ಬನ್ ಮೊನಾಕ್ಸೈಡಿನ ಅಂಕಿಯೂ ಏರಬೇಕಿತ್ತು. ಅದು ಸೊನ್ನೆಯಲ್ಲೇ ಇದೆ ಸರ್."

"ಮತ್ತೆ ಇನ್ನೂ ಹತ್ತು ಜನರ ಉಸಿರು ಎಲ್ಲಿಂದ ಬಂತು?"

ರಕ್ಷಣಾ ತಂಡ ಬೆಂಕಿ ನಂದಿಸಿ, ಕಲ್ಲು ಸರಿಸಿ ಅಲ್ಲಿಗೆ ತಲುಪಲು ಸಂಜೆ ನಾಲ್ಕಾಗುತ್ತದೆ ಎಂದಿದ್ದರು. ಈ ವೇಗದಲ್ಲಿ ಮೂರಕ್ಕೆಲ್ಲ ಎಂಟು ದಾಟುತ್ತದೆ. ಹಾಳೆಯ ಮೇಲೆ ಅದನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ.

ಆಗ ನನ್ನ ಫೋನು ಬಡಿದುಕೊಂಡಿತು. ಅವ್ವ, ಹುಲಿಗೆಮ್ಮ. ತೆಗೆಯದಿದ್ದರೆ ಮತ್ತೆ ಮತ್ತೆ ಮಾಡುತ್ತಾಳೆಂದು ಮೂಲೆಗೆ ಹೋಗಿ ತೆಗೆದೆ.

"ಸೈರನ್ ಆತಲ್ಲ, ಅಣ್ಣನೂ ಒಳಗ ಅದಾನಂತ?"

"ಹೂಂ ಅವ್ವಾ."

"ಅದಕ್ಯಾಕ ಅಷ್ಟು ಸಣ್ಣ ದನಿ ಮಾಡ್ತಿ? ನಿನ್ನ ಪೆಟ್ಟಿಗಿ ಐತೆಲ್ಲ, ನಂಗೇನು ಚಿಂತಿ ಇಲ್ಲ. ಸಂಜಿಮುಂದ ಬನ್ನಿ ಕೊಡಾಕ ಬರ್ತೀನಿ ಅಂದಾನ, ಹೋಳಿಗಿಗೆ ಬ್ಯಾಳಿ ಇಟ್ಟೀನಿ. ನೀನೂ ಲಗೂನ ಬಾ." ಆಮೇಲೆ ಕೇಳಿದಳು, "ನಾ ಕೊಟ್ಟ ಗಂಟು ಕಟ್ಟೀದಿಲ್ಲ?"

ಫೋನು ಕಿವಿಗೆ ಹಿಡಿದಂತೆಯೇ ನಾನು ಪರದೆಯ ಕಡೆ ತಿರುಗಿದೆ.

ಐದು ದಿನದ ಹಿಂದೆ, ಆಯುಧಪೂಜೆಯ ಬೆಳಿಗ್ಗೆ ಅವ್ವ ತನ್ನ ಹಳೆಯ ಹಸಿರು ಕುಪ್ಪಸದ ತುಂಡೊಂದರಲ್ಲಿ ಒಂದು ಹಿಡಿ ಕಲ್ಲುಪ್ಪು, ಎರಡು ಒಣಮೆಣಸಿನಕಾಯಿ, ಚಿಟಿಕೆ ಸಾಸಿವೆ ಇಟ್ಟು ಗಂಟು ಹಾಕಿದ್ದಳು. "ಪೇಪರಿನಾಗ ನಿನ್ನ ಫೋಟೋ ಬಂದೈತಿ. ಯಾರ ಕಣ್ಣು ಎಂಥಾವೋ. ನಿನ್ನ ಪೆಟ್ಟಿಗಿಗೆ ಕಟ್ಟಿ ಬಾ" ಎಂದಿದ್ದಳು. ನಾನು ನಕ್ಕೆ. ಆದರೆ ಗಂಟನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ. ಗಣಿಯಲ್ಲಿ ಅಂದು ಎಲ್ಲ ಯಂತ್ರಕ್ಕೂ ಕುಂಕುಮ, ಹೂವು, ನಿಂಬೆಹಣ್ಣು. ನನ್ನದಕ್ಕೆ ಮಾತ್ರ ಏನೂ ಇಲ್ಲವೆಂದು ನನಗೂ ಒಳಗೊಳಗೇ ಬೇಜಾರಿತ್ತು. ನಿಜ ಹೇಳಬೇಕೆಂದರೆ ನನಗೇ ಬೇಕಾಗಿತ್ತು. ಇಪ್ಪತ್ಮೂರನೇ ಹಂತಕ್ಕಿಳಿದು, ಮಾವ ತಲೆದೀಪ ಹಿಡಿದಿರಲು, ಪೆಟ್ಟಿಗೆಯ ಹಿಡಿಕೆಗೆ ನನ್ನ ಕೈಯಾರೆ ಕಟ್ಟಿದೆ. "ಇಷ್ಟು ಓದಿ ಕಡಿಗೆ ಗಂಟು ಕಟ್ಟಾಕ ಬಂದಿ ನೋಡು" ಎಂದು ಅವನು ಕಿಸಕಿಸ ನಕ್ಕಿದ್ದ.

ಮಳೆಗಾಲದಲ್ಲಿ ಅಡಿಗೆಮನೆಯ ಭರಣಿಯೊಳಗೆ ಕಲ್ಲುಪ್ಪು ಬೆವರುತ್ತದಲ್ಲ? ಮೂರು ಕಿಲೋಮೀಟರ್ ಆಳದಲ್ಲಿ ವರ್ಷವಿಡೀ ಮಳೆಗಾಲವೇ. ಅಲ್ಲಿಯ ಸೆಕೆಗೆ, ಒದ್ದೆ ಗಾಳಿಗೆ ಐದು ದಿನ ಉಪ್ಪು ಬೆವತು, ತೊಟ್ಟಿಕ್ಕಿ, ಬೆಳ್ಳಿ ಹಾಳೆಯ ತಗ್ಗಿನಲ್ಲಿ ಉಪ್ಪುನೀರು ನಿಂತಿರಬೇಕು. ಬೆಳಿಗ್ಗೆ ಹಾಳೆ ಹರಿದಾಗ ಅಷ್ಟೂ ಒಳಗೆ ಹೋಗಿರಬೇಕು.

ಉಪ್ಪೆಂದರೆ ಸೋಡಿಯಂ. ಅದು ಬೀಟೈನಿನ ಋಣದ ತುದಿಯ ಪಕ್ಕದಲ್ಲಿ ಹೋಗಿ ಕೂರುತ್ತದೆ, ಗಂಡಹೆಂಡಿರ ಜಗಳಕ್ಕೆ ಪಕ್ಕದಮನೆಯವನು ಬಂದು ಕೂತ ಹಾಗೆ. ಆಮೇಲೆ ಆ ಮನೆ ಉಳಿಯುವುದಿಲ್ಲ. ನೀರು ಒಳನುಗ್ಗುತ್ತದೆ, ಕಾರ್ಬೀನು ಕೈ ಸಡಿಲಿಸುತ್ತದೆ, ಹಿಡಿದಿದ್ದ ಗಾಳಿ ಹೊರಗೆ ಬರುತ್ತದೆ. ಒಂದು ಅಣುವನ್ನು ಒಡೆದ ಸೋಡಿಯಂ ಅಲ್ಲಿಗೇ ನಿಲ್ಲದೆ ಮುಂದಿನ ಅಣುವಿಗೆ ಹೋಗುತ್ತದೆ. ಪುಡಿಯನ್ನು ನಾನು ಆವಿಯಲ್ಲಿ ಪರೀಕ್ಷಿಸಿದ್ದೆ, ಧೂಳಿನಲ್ಲಿ, ಡೀಸೆಲ್ ಹೊಗೆಯಲ್ಲಿ ಪರೀಕ್ಷಿಸಿದ್ದೆ. ಉಪ್ಪುನೀರಿನಲ್ಲಿ ಪರೀಕ್ಷಿಸಿರಲಿಲ್ಲ. ಅಷ್ಟು ಆಳಕ್ಕೆ ಉಪ್ಪು ಎಲ್ಲಿಂದ ಬರಬೇಕು?

ಅಂದರೆ ಬೆಳಿಗ್ಗೆ ಹೀರಿದ್ದನ್ನೂ, ಹಿಂದಿನ ಬಳಕೆಯಲ್ಲಿ ಹಿಡಿದು ಒಲೆಯಲ್ಲಿ ಬಿಡದೆ ಉಳಿಸಿಕೊಂಡದ್ದನ್ನೂ ಪೆಟ್ಟಿಗೆ ಈಗ ವಾಪಸು ಉಗುಳುತ್ತಿತ್ತು. ಆ ಆರು ಜನ ನಿಯಮದ ಪ್ರಕಾರ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು. ಆ ನಿಯಮ ಬರೆದವಳೂ ನಾನೇ.

ಓಡಿಬಂದು ಆಸರೆಕೋಣೆಯ ಫೋನು ಎತ್ತಿಕೊಂಡೆ. ಆ ಮಾತು ಕೊಠಡಿಗೆಲ್ಲ ಕೇಳುತ್ತದೆ, ಪ್ರತಿಯೊಂದೂ ದಾಖಲಾಗುತ್ತದೆ.

"ಮಾವ, ಪೆಟ್ಟಿಗೆಯ ಹಿಡಿಕೆಗೆ ಗಂಟು ಇನ್ನೂ ಇದೆಯಾ?"

ಆ ಕಡೆ ಉಸಿರಿನ ಸದ್ದಷ್ಟೇ ಕೇಳಿತು. ಓಡಿ ದಣಿದವನ ಉಸಿರು ಅದು, ಮಾವನಾದರೋ ಕೂತೇ ಇದ್ದ.

"ಐತಿ. ಯಾಕ?"

"ಅದರಲ್ಲಿ ಉಪ್ಪಿದೆ. ಉಪ್ಪುನೀರು ಒಳಗೆ ಹೋಗಿ ಪುಡಿಯನ್ನು ಕೆಡಿಸುತ್ತಿದೆ."

ಬಿಂದುಮಾಧವರಾಯರು ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ಗದ್ದೆಪ್ಪ, ಪೆಟ್ಟಿಗೆಗೆ ಉಪ್ಪು ಕಟ್ಟಿದವರು ಯಾರು? ಯಾವಾಗ?"

ಅವನು ತಡಮಾಡಲಿಲ್ಲ. "ನಾನ ರೀ ಸಾಹೇಬ್ರ. ಇವತ್ತು ಮುಂಜಾನಿ ಒಳಗ ಬಂದ ಕೂಡ್ಲೆ ಕಟ್ಟೀನಿ. ಅಂಜಿಕಿ ಆಗಿತ್ತು. ತಪ್ಪು ನಂದು."

ರಾಯರು ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆ ಕಟ್ಟಿದ್ದಾದರೆ ಉಪ್ಪು ಇನ್ನೂ ಪೂರ್ತಿ ಕರಗಿರಲ್ಲ. ಒಂದೆರಡು ಹನಿ ಒಳಗೆ ಹೋಗಿರಬಹುದು, ಅಷ್ಟೆ. ಗಂಟು ಬಿಚ್ಚಿ ದೂರ ಇಡಿ. ಪೆಟ್ಟಿಗೆ ಹತ್ತಿರಾನೇ ಕೂತಿರಿ, ತಾನೇ ಸರಿಹೋಗುತ್ತೆ. ಅಲ್ವಾ ಡಾಕ್ಟರ್?"

ಮಾವ ಯಾಕೆ ಹಾಗೆ ಹೇಳಿದನೆಂದು ನನಗೆ ಗೊತ್ತು. ಅವನಿಗೆ ನಿವೃತ್ತಿಗೆ ಎಂಟು ತಿಂಗಳು. ಅವನನ್ನು ಬೈದು ಬಿಟ್ಟುಬಿಡುತ್ತಾರೆ. ನಾನಾದರೆ ಪೆಟ್ಟಿಗೆ ಮಾಡಿದವಳೇ ಪೆಟ್ಟಿಗೆ ಕೆಡಿಸಿದಳೆಂದು ಜಗತ್ತೆಲ್ಲ ನಗುತ್ತದೆ. ಅವನ ಸುಳ್ಳನ್ನು ನಾನು ಒಪ್ಪಿಕೊಂಡರೆ ಕೇಳುವವರು ಯಾರೂ ಇಲ್ಲ. ಆದರೆ ಆ ಸುಳ್ಳಿನ ಮೇಲೆ ರಾಯರು ಮಾಡಿದ ಲೆಕ್ಕ ಸರಿಯಾಗಿತ್ತು, ಸುಳ್ಳೇ ತಪ್ಪಾಗಿತ್ತು. ಪೆಟ್ಟಿಗೆಯ ಪಕ್ಕ ಕೂತರೆ ಆರೂ ಜನ ಮಧ್ಯಾಹ್ನ ದಾಟುವುದಿಲ್ಲ. ಇಷ್ಟು ಗೊತ್ತಿದ್ದೂ ಒಂದು ಗಳಿಗೆ ನನ್ನ ಬಾಯಿ ತೆರೆಯಲಿಲ್ಲ. ಆ ಒಂದು ಗಳಿಗೆಯನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

"ಅಲ್ಲ ಸರ್," ಎಂದೆ. "ಮಾವ ಸುಳ್ಳು ಹೇಳುತ್ತಿದ್ದಾನೆ. ಆ ಗಂಟು ಕಟ್ಟಿದ್ದು ನಾನು. ಕಳೆದ ಬುಧವಾರ. ಐದು ದಿನ ಆಗಿದೆ."

ಫೋನಿನಿಂದ ಮಾವನ ದನಿ ಬಂತು: "ನೀಲಾ, ಬಾಯಿ ಮುಚ್ಚು. ಹುಚ್ಚಿ!"

"ಮಾವ, ಹಾಳೆ ಹರಿದಾಗ ನೀರು ಬಿತ್ತಾ, ಇಲ್ಲವಾ? ಅದನ್ನು ಹೇಳು ಮೊದಲು."

"...ಬಿತ್ತು. ಕೈತುಂಬ ಆಗುವಷ್ಟು. ಮ್ಯಾಲಿಂದ ಸೋರ್‍ಯಾದ ಅನ್ಕೊಂಡೆ."

"ಹಾಗಾದರೆ ಗಂಟು ಬಿಚ್ಚಿದರೆ ಸಾಲದು. ಎಲ್ಲರೂ ಪೆಟ್ಟಿಗೆ ಬಿಟ್ಟು ದೂರ ಸರಿಯಿರಿ, ನೆಲದ ಮೇಲೆ ಕೂರಬೇಡಿ, ಬೆಂಚು ಹತ್ತಿ ನಿಲ್ಲಿ. ಆ ಗಾಳಿ ಭಾರ, ಕೆಳಗೇ ನಿಲ್ಲುತ್ತದೆ."

ಅಂಕಿ 3.1. ರಾಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಪೆಟ್ಟಿಗೆ ಮುಚ್ಚೋಕಾಗುತ್ತಾ?" ಎಂದಷ್ಟೇ ಕೇಳಿದರು. ಆಗುವುದಿಲ್ಲ ಎಂದೆ. "ಹೊರಗೆ ಎಸೆಯೋಕೆ?" ಬಾಗಿಲು ತೆರೆದರೆ ಹೊಗೆ. ಅದೂ ಆಗುವುದಿಲ್ಲ.

ಫೋನು ಹಿಡಿದು, "ಕೋಣೆಯೊಳಗೆ ಏನೇನಿದೆ, ಒಂದೂ ಬಿಡದೆ ಹೇಳಿ" ಎಂದೆ. ಈ ಸಲ ಮಾತಾಡಿದವನು ಸಿಡಿಮದ್ದಿನ ಕೆಲಸದ ಖಾಜಾಹುಸೇನ. ಮಾವನ ಜೊತೆ ಇಪ್ಪತ್ತು ವರ್ಷ ದುಡಿದವನು.

"ಸಿಲಿಂಡರ್ ಎರಡು, ನೀರಿನ ಕ್ಯಾನು ನಾಲ್ಕು, ಸ್ಟ್ರೆಚರು, ಕಂಬಳಿ, ನಮ್ಮ ಬುತ್ತಿ ಡಬ್ಬಿ..." ಒಂದೊಂದು ಹೆಸರಿಗೂ ಉಸಿರು ಎಳೆದುಕೊಳ್ಳುತ್ತಿದ್ದ. "ಇನ್ನೊಂದೈತ್ರಿ. ಬೈಬ್ಯಾಡ್ರಿ ಮತ್ತ. ನೀವು ಒಳಗ ಏನೂ ಇಡಬ್ಯಾಡ್ರಿ ಅಂದಿದ್ರಿ."

"ಹೇಳು ಖಾಜಾ."

"ದಸರಿಗೆ ಗ್ವಾಡಿಗೆ ಸುಣ್ಣ ಬಳದಿದ್ವಿ. ಉಳಿದದ್ದು ಅರ್ಧ ಚೀಲ ಬೆಂಚಿನ ಬುಡಕ ಐತ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಪೆಟ್ಟಿಗೆ ಬರುವ ಮುಂಚೆ ಆಸರೆಕೋಣೆಗಳಲ್ಲಿ ಸುಣ್ಣದ ತಟ್ಟೆ ಇಡುತ್ತಿದ್ದರು. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೇ ಇಂಗಾಲದ ಡೈಆಕ್ಸೈಡನ್ನು ತಿಂದು. "ಅಜ್ಜನ ಕಾಲದ ವಿದ್ಯೆ, ಒಮ್ಮೆ ತಿಂದರೆ ಮುಗಿಯಿತು, ಮತ್ತೆ ಕೆಲಸಕ್ಕೆ ಬಾರದು" ಎಂದು ಅದನ್ನು ಎಷ್ಟು ಸಭೆಗಳಲ್ಲಿ ಆಡಿಕೊಂಡಿದ್ದೇನೋ. ಆ ತಟ್ಟೆಗಳನ್ನು ಎತ್ತಿಸಿದವಳೂ ನಾನೇ. ಈಗ ಒಮ್ಮೆ ತಿಂದರೆ ಸಾಕಾಗಿತ್ತು. ಆದರೆ ಒದ್ದೆ ಗಾಳಿಗೆ ಬಾಯಿ ತೆರೆದಿಟ್ಟ ಸುಣ್ಣ ಇಷ್ಟರಲ್ಲೇ ಬರೀ ಸೀಮೆಸುಣ್ಣವಾಗಿ ಹೋಗಿರಲೂಬಹುದು.

"ಖಾಜಾ, ನೀನು ಎಲೆಅಡಿಕೆ ಹಾಕುತ್ತೀಯಲ್ಲ? ಚೀಲದ ಒಳಗಿನಿಂದ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡು. ಸುಡುತ್ತದಾ?"

ಅಂಕಿ 3.4. ಗಡಿಯಾರದ ಮುಳ್ಳು ನನ್ನ ಎದೆಯ ಮೇಲೆಯೇ ನಡೆಯುತ್ತಿತ್ತು.

"ಥೂ!" ಎಂದ ಖಾಜಾ. "ನಾಲಿಗಿ ಹಾರಿಹೋತ್ರಿ ಮೇಡಂ!"

ಮುಂದಿನದನ್ನು ಒಂದೇ ಉಸಿರಿಗೆ ಹೇಳಿದೆ: ಸುಣ್ಣಕ್ಕೆ ನೀರು ಹಾಕಿ ಗಂಜಿಯ ಹದಕ್ಕೆ ಕಲಸಿ. ಲುಂಗಿ, ಟವೆಲ್ಲು, ಅಂಗಿ, ಮೈಮೇಲಿನದೆಲ್ಲ ಬಿಚ್ಚಿ ಅದರಲ್ಲಿ ಅದ್ದಿ. ಮೊದಲು ದಪ್ಪ ಕಂಬಳಿಗೆ ಬಳಿದು ಪೆಟ್ಟಿಗೆಗೆ ಮೂರು ಸುತ್ತು ಸುತ್ತಿ, ಅದು ಉಗುಳಿದ್ದು ಸುಣ್ಣದ ಬಾಯಿಗೇ ಬೀಳಲಿ. ಉಳಿದ ಬಟ್ಟೆಯನ್ನು ಹಗ್ಗ ಕಟ್ಟಿ ಹರವಿ, ಒಣಗಲು ಬಿಡಬೇಡಿ, ಮತ್ತೆ ಮತ್ತೆ ಬಳಿಯಿರಿ.

"ಕೈ ಸುಡತಾವಲ್ಲ," ಎಂದ ಯಾರೋ ಹಿಂದಿನಿಂದ.

"ಸುಡ್ಲಿ ಬಿಡಲೇ," ಎಂದ ಮಾವ. "ನಾನ ಕಲಸ್ತೀನಿ. ನೀವು ಹಗ್ಗ ಕಟ್ಟ್ರಿ."

ಫೋನು ಹಾಗೆಯೇ ತೆರೆದಿತ್ತು. ಬಟ್ಟೆ ಹಿಂಡುವ ಸದ್ದು, ಕೆಮ್ಮು, ಏದುಸಿರು. ಒಮ್ಮೆ ಯಾರೋ ಬಿದ್ದ ಸದ್ದು. ಎಬ್ಬಿಸಿ ಬೆಂಚಿನ ಮೇಲೆ ಮಲಗಿಸಿದೆವೆಂದರು. 4.0. 4.4. ಹನ್ನೆರಡೂಕಾಲಿಗೆ 4.8. ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹನ್ನೆರಡೂವರೆಗೆ 4.9. ನಾನು ದೇವರನ್ನು ಬೇಡಿಕೊಳ್ಳಲಿಲ್ಲ. ಯಾವ ಮುಖ ಇಟ್ಟುಕೊಂಡು ಬೇಡಲಿ? ಒಂದಕ್ಕೂ 4.9. ಒಂದೂ ಹತ್ತಕ್ಕೆ ಆ ಒಂಬತ್ತು ಎಂಟಾಯಿತು. ನನಗೆ ನಂಬಿಕೆ ಬರದೆ ಪಕ್ಕದವಳನ್ನು ಓದಲು ಹೇಳಿದೆ. ಅವಳೂ ಎಂಟೆಂದೇ ಓದಿದಳು.

ಬಾಗಿಲು ತೆರೆದದ್ದು ನಾಲ್ಕೂ ಹತ್ತಕ್ಕೆ. ಆಗ ಅಂಕಿ 3.7.

ಅಷ್ಟರಲ್ಲಿ ಪೆಟ್ಟಿಗೆ ಕೆಟ್ಟ ಸುದ್ದಿ ಊರು ಮುಟ್ಟಿತ್ತು. ಎಷ್ಟೋ ದಿನಗಳ ಮೇಲೆ ಬಾವಿಯ ಬಾಯಿಗೆ ಹೆಂಗಸರು ಓಡಿಬಂದು ನಿಂತಿದ್ದರು. ಜನರನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂದಾಗ ಆರೂ ಜನ ಮೈತುಂಬ ಬಿಳಿಬಿಳಿ. ಅವರಲ್ಲೊಬ್ಬನನ್ನು ಸ್ಟ್ರೆಚರಿನಲ್ಲಿ ತಂದರು, ಅವನೂ ಕಣ್ಣು ಬಿಟ್ಟಿದ್ದ. ಮಾವನ ಎರಡೂ ಕೈ ಮೊಣಕೈತನಕ ಬೊಬ್ಬೆಯೆದ್ದಿದ್ದವು. ಅವ್ವ ಗುಂಪಿನ ಮುಂದಿದ್ದಳು, ಅಣ್ಣನಿಗೆ ನಿವಾಳಿಸಲೆಂದು ಬಲಮುಷ್ಟಿಯಲ್ಲಿ ಉಪ್ಪು ಹಿಡಿದು. ಗುಂಪಿನಲ್ಲಿ ಉಪ್ಪಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಅವನ ಕಡೆ ಹೋಗಲಿಲ್ಲ, ನನ್ನ ಕಡೆ ಬಂದಳು.

"ನನ್ನ ಉಪ್ಪೇನ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅಂದು ಒಂದು ಸುಳ್ಳು ಏನು ಮಾಡುತ್ತಿತ್ತೆಂದು ನೋಡಿಯಾಗಿತ್ತು. "ಉಪ್ಪು ನಿಂದು ಅವ್ವಾ. ಕಟ್ಟಿದ ಕೈ ನಂದು" ಎಂದೆ.

ಅವಳು ಮುಷ್ಟಿ ಬಿಚ್ಚಿದಳು. ಹರಳುಗಳು ಮಣ್ಣಿಗೆ ಬಿದ್ದವು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

ವಿಚಾರಣೆಯಲ್ಲಿ ನಾನು ಎಲ್ಲವನ್ನೂ ಬರೆದುಕೊಟ್ಟೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಯಾರೋ ನನ್ನ ಬೆನ್ನ ಹಿಂದೆ ಆಡಿಕೊಂಡರು. ಗಾದೆ ಅಷ್ಟು ಸರಿಯಾಗಿ ಕೂತದ್ದಕ್ಕೆ ನನಗೂ ಒಣನಗು ಬಂತು. ಪೆಟ್ಟಿಗೆಯ ಕೆಲಸದಿಂದ ನನ್ನನ್ನು ದೂರ ಇಟ್ಟರು. ಈಗ ಪ್ರತಿ ಆಸರೆಕೋಣೆಯಲ್ಲೂ ಬಾಯಿ ಬಿಗಿದ ಒಂದು ಚೀಲ ಸುಣ್ಣವಿದೆ. ಕೆಳಹಂತಗಳಿಗೆ ಮತ್ತೆ ಗಾಳಿಯ ಕೊಳವೆ ಎಳೆಯುತ್ತಿದ್ದಾರೆ.

ಕಲ್ಲು ಜರಿದ ಮೂರನೇ ದಿನ ಮಧ್ಯಾಹ್ನ ಮಾವ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದ. ಎರಡೂ ಕೈಗೆ ಪಟ್ಟಿ. ಅಂಗಿಯ ಜೇಬನ್ನು ಗದ್ದದಿಂದ ತೋರಿಸಿ, "ತಗಿ" ಎಂದ. ಒಣಗಿದ ಬನ್ನಿ ಎಲೆ ನಾಲ್ಕಿದ್ದವು. ಎರಡು ನನಗೆ, ಎರಡು ಅವ್ವನಿಗೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದ, ಏನೂ ಆಗಿಲ್ಲವೆಂಬಂತೆ. ನಾನು ಅವನ ಕಾಲು ಮುಟ್ಟಿದೆ. ಏಳಲು ತುಸು ಹೊತ್ತು ಹಿಡಿಯಿತು.

ಅವ್ವ ಹೋಳಿಗೆ ಬಡಿಸಿದಳು, ಅನ್ನ, ಕಟ್ಟಿನ ಸಾರು ಬಡಿಸಿದಳು. ಮಾವನಿಗೆ ನಾನು ಕಲಸಿ ತುತ್ತು ಕೊಟ್ಟೆ. ಅವನು ಒಂದು ತುತ್ತು ನುಂಗಿ, ಎರಡನೆಯದಕ್ಕೆ ನಿಲ್ಲಿಸಿದ.

"ತಂಗಿ, ಸಾರು ಸಪ್ಪಗೈತಿ. ಉಪ್ಪು ಮರತೇನು?"

ಅವ್ವ ಒಲೆಯ ಕಡೆಗೆ ತಿರುಗಿ ನಿಂತಳು. "ಮರತಿಲ್ಲ," ಎಂದಳು. "ಡಬ್ಬಿಗೆ ಕೈ ಹೋಗವಲ್ದು."

ಮೂರು ದಿನದಿಂದ ನಾವಿಬ್ಬರೂ ಸಪ್ಪೆ ಊಟ ಉಣ್ಣುತ್ತಿದ್ದೆವು. ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮಾವ ಅವಳ ಬೆನ್ನನ್ನು ನೋಡಿದ, ನನ್ನನ್ನು ನೋಡಿದ. "ಹುಲಿಗಿ, ಉಪ್ಪು ಏನ್ ಮಾಡೀತು? ಜಾಗ ತಪ್ಪಿತ್ತು, ಅಷ್ಟ. ನಂಗ ಹಸಿವಿ ಆಗೈತಿ. ಹಾಕ್ವಾ."

ಅವ್ವ ಅಲ್ಲಾಡಲಿಲ್ಲ. ನಾನು ಎದ್ದು ಕೈ ತೊಳೆದುಕೊಂಡೆ. ಗೂಡಿನಿಂದ ಉಪ್ಪಿನ ಭರಣಿ ಇಳಿಸಿ ಅವಳ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದೆ. ಅವಳ ಬಲಗೈಯನ್ನು ನನ್ನ ಕೈಯಲ್ಲಿ ಹಿಡಿದು ಒಳಗೆ ಇಳಿಸಿದೆ. ಬೆರಳುಗಳು ತುಸು ಹೊತ್ತಿಗೆ ತಾವಾಗಿಯೇ ಹರಳುಗಳನ್ನು ಹಿಡಿದವು. ಇಬ್ಬರೂ ಸೇರಿ ಮಾವನ ತಟ್ಟೆಯ ಅಂಚಿಗೆ ಚಿಟಿಕೆ ಉಪ್ಪು ಹಾಕಿದೆವು.